ಐದಕ್ಕೂ ಆರಕ್ಕೂ ನಡುವೆ

ಐದನೇ ಮಹಡಿಗೂ ಆರನೆಯದಕ್ಕೂ ನಡುವೆ ಲಿಫ್ಟ್ ನಿಂತುಬಿಟ್ಟಿತ್ತು. ಒಳಗಿನಿಂದ ಹೆಂಗಸೊಬ್ಬಳು ಕಟ್ಟಡವೇ ಕಿತ್ತುಹೋಗುವಂತೆ ಕೂಗಾಡುತ್ತಿದ್ದಳು. ಚೀಲ ಹೆಗಲಿಗೇರಿಸಿ, ಕುಂಟುಗಾಲು ಎಳೆಯುತ್ತ ಮೇಲೆ ಬರುತ್ತಿದ್ದ ಮೆಕ್ಯಾನಿಕ್ ಆ ದನಿ ಕಿವಿಗೆ ಬಿದ್ದದ್ದೇ ತಡ, ಮೆಟ್ಟಿಲ ಮೇಲೆ ನಿಂತೇಬಿಟ್ಟ. ಅವನು ಗ್ರೀಕರ ದೇವಲೋಕದ ಕಮ್ಮಾರ. ಅಲ್ಲಿ ಗಿರಾಕಿಗಳು ಇಲ್ಲವಾದ ಮೇಲೆ ಲಿಫ್ಟ್ ರಿಪೇರಿಗೆ ಇಳಿದಿದ್ದ. ಹೊಟ್ಟೆಪಾಡು ದೇವರನ್ನೂ ಬಿಟ್ಟಿಲ್ಲ. ಒಳಗೆ ಕೂಗುತ್ತಿದ್ದವಳು ಆ ದೇವಲೋಕದ ಮಹಾರಾಣಿ, ಅವನ ಹೆತ್ತ ತಾಯಿ. ಕುಂಟು ಕೂಸು ಹುಟ್ಟಿತೆಂದು ಅದನ್ನು ಬೆಟ್ಟದ ತುದಿಯಿಂದ ಕೆಳಕ್ಕೆ ಎಸೆದವಳೂ ಅವಳೇ.

ಐದನೇ ಮಹಡಿಗೆ ಹತ್ತಿ ಬಂದಾಗ, ಜಾಲರಿ ಬಾಗಿಲ ಸಂದಿಯಿಂದ ಅವನಿಗೆ ಕಂಡದ್ದು ಅವಳ ಪಾದಗಳು ಮಾತ್ರ. ಅವು ಒಂದೆಡೆ ನಿಲ್ಲದೆ ಸುತ್ತುತ್ತಿದ್ದವು.

"ಆ ಕುಂಟೋ ಸದ್ದು... ಲೋ, ನೀನೇನೋ?" ಪಾದಗಳು ನಿಂತವು. "ಪುಣ್ಯಾತ್ಮ, ಬೇಗ ಬಿಡಿಸೋ! ಏಳನೇ ಮಹಡೀಲಿ ನಿಮ್ಮಪ್ಪ ಸೇರ್ಕೊಂಡಿದಾರೆ, ಆ ಡ್ಯಾನ್ಸ್ ಟೀಚರ್ ಜೊತೆ. ಹೋದ ಸಲ ಹಂಸ ಆಗಿ ಕಿಟಕಿಯಿಂದ ಹಾರಿಹೋದ್ರು. ಇವತ್ತು ಬಿಡಲ್ಲ."

"ಲಿಫ್ಟ್ ಹೋಗ್ತಿರುವಾಗ ಬಾಗಿಲು ಎಳೆದ್ಯಾ?"

"ಆಮೆ ಥರ ಹೋಗ್ತಿತ್ತು. ಎಳೆದೆ."

ಅವನಿಗೆ ಎಲ್ಲ ಅರ್ಥವಾಯಿತು. ಓಡುವ ಲಿಫ್ಟಿನ ಬಾಗಿಲು ತೆರೆದರೆ ಅದು ಅಲ್ಲೇ ನಿಲ್ಲುತ್ತದೆ. ಮುಚ್ಚಿ ಗುಂಡಿ ಒತ್ತಿದರೆ ಮತ್ತೆ ಹೊರಡುತ್ತದೆ. ಒಂದು ಮಾತು ಹೇಳಿದ್ದರೆ ಸಾಕಿತ್ತು. ಮಾತು ನಾಲಿಗೆಯ ತುದಿಗೂ ಬಂತು. ಆದರೆ ಅವನು ಅದನ್ನು ನುಂಗಿಕೊಂಡ. ಮೂರು ಸಾವಿರ ವರ್ಷ ಒಂದೇ ಪಂಕ್ತಿಯಲ್ಲಿ ಉಂಡರೂ ಕೇಳಲಾಗದ್ದನ್ನು ಕೇಳಲು ಇಂಥ ಹೊತ್ತು ಇನ್ನೆಂದು ಬಂದೀತು? ನಾಚಿಕೆಯೂ ಆಗುತ್ತಿತ್ತು, ಸಿಕ್ಕಿಬಿದ್ದವರನ್ನು ಕಾಯಿಸುವುದು ಅವನ ಕಸುಬಿಗೆ ಒಪ್ಪುವ ಕೆಲಸವಲ್ಲ.

"ಅಮ್ಮ, ನನ್ನ ಯಾಕೆ ಎಸೆದೆ?"

"ಅಯ್ಯೋ, ಈಗ ಆ ಹಳೇ ಪುರಾಣ ಯಾಕೋ?" ಪಾದಗಳು ಮತ್ತೆ ಸುತ್ತತೊಡಗಿದವು. ಮೇಲೆ ಕೇಳುತ್ತಿದ್ದ ಸಂಗೀತ ನಿಂತಿತು. "ನೋಡು, ಕ್ಲಾಸ್ ಮುಗೀತು! ಬಿಡಿಸೋ!"

"ಯಾಕೆ ಎಸೆದೆ, ಹೇಳು."

ಪಾದಗಳು ಮತ್ತೆ ನಿಂತವು. "ನಿನ್ನ ಕಾಲು ನೋಡಿದೆ. ನಾಲ್ಕು ಜನ ಏನಂದ್ಕೋತಾರೋ ಅನ್ನಿಸ್ತು."

"ನಾವೇ ದೇವರು. ನಮಗ್ಯಾರಮ್ಮ ಆ ನಾಲ್ಕು ಜನ?"

ಅವನ ಮುಖ ನೋಡಲೆಂದೋ ಏನೋ, ಅವಳು ತೆರೆದ ಬಾಗಿಲ ಬಳಿ ಬಂದಳು. ಕಾಲ್ಬೆರಳುಗಳು ಅಂಚಿಗೆ ತಾಗಿ ತಟ್ಟನೆ ಹಿಂದೆ ಸರಿದವು. ಕೆಳಗೆ ನೆಲದವರೆಗೂ ಬರಿದೇ ಕತ್ತಲು.

"ಇದು ಬೀಳುತ್ತೇನೋ?" ದನಿಯಲ್ಲಿದ್ದ ಮಹಾರಾಣಿ ಎಲ್ಲೋ ಹೋಗಿದ್ದಳು. "ನಮಗೆ ಸಾವಿಲ್ಲ ಅಲ್ವಾ?"

"ಸಾವಿಲ್ಲ. ಪೆಟ್ಟಾಗುತ್ತೆ."

ಹೇಳಿದ ಮರುಕ್ಷಣವೇ ಅವನು ಜಾಲರಿಗೆ ಮುಖವೊಡ್ಡಿದ. "ಬೀಳಲ್ಲಮ್ಮ, ಹೆದರಬೇಡ. ಬಾಗಿಲು ಪೂರ್ತಿ ಎಳೆದು ಮುಚ್ಚು. ಏಳನ್ನ ಒತ್ತು."

"ಅಷ್ಟೇನಾ? ಮೊದಲೇ ಬೊಗಳೋಕೆ ಏನಾಗಿತ್ತು ನಿಂಗೆ!"

ಬಾಗಿಲು ಕರಕರನೆ ಮುಚ್ಚಿಕೊಂಡಿತು. ಅವಳು ಒತ್ತಿದ್ದು ಏಳನ್ನಲ್ಲ, ಐದನ್ನು; ಮೇಲಕ್ಕೆ ಹೋಗಬೇಕಿದ್ದ ಲಿಫ್ಟ್ ಕೆಳಗಿಳಿದು ಅವನೆದುರು ನಿಂತಿತು. ಅಮ್ಮ ಹೊರಗೆ ಬಂದು ಗೋಡೆ ಹಿಡಿದುಕೊಂಡಳು. ಏಳನೇ ಮಹಡಿಯ ಮೆಟ್ಟಿಲ ಕಡೆ ಒಮ್ಮೆ ನೋಡಿದಳು, ಹತ್ತಲಿಲ್ಲ. ಅವನ ಕಡೆ ತಿರುಗಿದಳು.

"ಅವತ್ತು ಎಷ್ಟು ಹೊತ್ತು ಬಿದ್ಯೋ ನೀನು?"

"ನೀನು ಎಸೆದಾಗ ಬೆಳಗಾಗಿತ್ತು," ಎಂದ ಅವನು. "ನೆಲ ಸಿಕ್ಕಾಗ ಸಂಜೆ."