ಸುಂಟರಗಾಳಿ ತಂಡದ ಅಸಲಿ ದನಿ

ಮೂವತ್ತು ವರ್ಷಗಳ ಬಳಿಕ 'ಸುಂಟರಗಾಳಿ' ತಂಡದ ಹೊಸ ಪಾಪ್ ಆಲ್ಬಂ ಹುಬ್ಬಳ್ಳಿಯ ಸ್ಟುಡಿಯೋದಲ್ಲಿ ತಯಾರಾಗುತ್ತಿತ್ತು. ಹಾಡುವ ಕೆಲಸ ಎಲ್ಲ ಕಡೆಯಂತೆ ಯಂತ್ರದ್ದು. ಗಾಯಕಿ ಶಕುಂತಲಾ ಹಂಚಿನಮನಿಯವರ ಹರೆಯದ ದನಿ ಅದರ ಬಳಿ ಇತ್ತು. ಆಲ್ಬಂ ಅಸಲಿ ಎನಿಸಿಕೊಳ್ಳಲು ಕಲಾವಿದರು ಕೋಣೆಯಲ್ಲಿ ಕೂತಿದ್ದರೆ ಸಾಕೆಂಬುದು ಕಾನೂನು.

"ಒಂದ್ ಸಾಲರ ನಾನಽ ಹಾಡ್ತೀನಿ," ಎಂದರು ಅರವತ್ತೆರಡರ ಶಕುಂತಲಾ.

ನಿರ್ಮಾಪಕ ಮಲ್ಲೇಶಿ ನಕ್ಕ. "ಯಾಕ್ರೀ ಮೇಡಂ ತ್ರಾಸು? ಚಾ ಕುಡೀರಿ."

ಆದರೂ ಶಕುಂತಲಾ ಮೈಕಿನ ಮುಂದೆ ನಿಂತು ಹಾಡಿದರು. ದನಿ ಒರಟಾಗಿತ್ತು, ಕೊನೆಯಲ್ಲಿ ಸೀಳಿತು. ಆದರೆ ಆ ಸಾಲಿನ ದುಃಖ ಅವರಿಗೆ ಮೊದಲ ಬಾರಿ ಅರ್ಥವಾಯಿತು. ಯಂತ್ರ ಮಾತ್ರ 'ಹೊರಗಿನವರ ದನಿ' ಎಂದು ಅದನ್ನು ಅಳಿಸಿಹಾಕಿತು. ಗಿಟಾರಿನ ವಾಮನ, ಡ್ರಮ್ಮಿನ ಪೀಟರ್ ಬಿಸ್ಕತ್ತು ತಿನ್ನುತ್ತ ಕೂತೇ ಇದ್ದರು.

"ಹೊಟ್ಟಿ ತುಂಬ ತಿನ್ರಪ್ಪಾ. ನಿಮಗ ಬ್ಯಾರೆ ಕೆಲಸ ಏನೈತಿ?" ಎಂದು ಶಕುಂತಲಾ ಹೊರಗೆ ನಡೆದರು.

ಬಾಗಿಲಲ್ಲಿ ಪತ್ರಕರ್ತನೊಬ್ಬ ಸ್ಪೀಕರಿನ ಹಾಡಿಗೆ ತಲೆದೂಗುತ್ತಿದ್ದ. "ದನಿ ಒಂಚೂರೂ ಬದಲಾಗಿಲ್ಲ ನೋಡ್ರಿ! ಅಮ್ಮಾ, ಶಕುಂತಲಾ ಮೇಡಂ ಒಳಗ ಅದಾರೇನ್ರಿ?"

ಶಕುಂತಲಾ ಚಪ್ಪಲಿ ಮೆಟ್ಟಿಕೊಂಡರು. "ಅದಾರ, ಹೋಗ್ರಿ. ವಯಸ್ಸೂ ಆಗಿಲ್ಲ, ಬುದ್ಧೀನೂ ಬಂದಿಲ್ಲ."