ಅಡಿಯಲ್ಲೊಂದು ಚಿಕ್ಕ ಎರಡು

“ಉಪ್ಪ, ನೀರಿಗೆ ಎಚ್ ಟೂ ಓ ಬರೆದಿದ್ದೀರಲ್ಲ, ಆ ಓ ಅಕ್ಷರದ ಅಡಿಯಲ್ಲಿ ಚಿಕ್ಕದಾಗಿ ಒಂದು ಎರಡು ಹಾಕಿ. ಅಷ್ಟೇ,” ಎಂದವಳೇ ಎಂಟನೇ ಕ್ಲಾಸಿನ ಝಹ್ರಾ ಫೋನಿನಲ್ಲಿದ್ದ ಅಪ್ಪನ ಮುಖ ನೋಡಲಾಗದೆ ಫ್ಯಾನು ನೋಡಿದಳು.

ಗಲ್ಫಿನ ಜುಬೈಲ್‌ನ ಕಾರ್ಮಿಕರ ಕ್ಯಾಂಪಿನಲ್ಲಿ ಕಬ್ಬಿಣದ ಮಂಚದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಿದ್ದ ಇಜಾಝ್, ನಾಲಿಗೆ ಕಚ್ಚಿಕೊಂಡು ಮಗಳು ಹೇಳಿದಂತೆ ಬರೆದ. ಅವನ ಪ್ಲಾಂಟಿನಲ್ಲಿ ಹೊಸ ಕಾನೂನು ಬಂದಿತ್ತು: ಭಾನುವಾರ ಪರೀಕ್ಷೆ, ರಾಸಾಯನಿಕ ಸಮೀಕರಣ ಸರಿದೂಗಿಸಲು ಬಾರದವರಿಗೆ ಕೆಲಸ ಬಿಡಿಸಿ ಊರಿನ ಟಿಕೆಟ್. ವಾಲ್ವ್ ತಿರುಗಿಸಿ ತಿರುಗಿಸಿಯೇ ಅರ್ಧ ತಲೆ ಬೋಳಾದ ಮನುಷ್ಯ. ಉಳಿದರ್ಧವನ್ನು ಈಗ ಹೈಡ್ರೋಜನ್ನೂ ಆಕ್ಸಿಜನ್ನೂ ಹಂಚಿಕೊಂಡು ತಿನ್ನುತ್ತಿದ್ದವು.

ಝಹ್ರಾಳಿಗೆ ಸರಿಯಾದ ದಾರಿ ಗೊತ್ತಿರಲಿಲ್ಲವೆಂದಲ್ಲ. ವಿಜ್ಞಾನದ ಮಗ್ದಲೀನ್ ಟೀಚರ್ ಕನ್ನಡಕವನ್ನು ಮೂಗಿನ ತುದಿಗೆ ಜಾರಿಸಿ ಹೇಳುವುದನ್ನು ಅವಳು ಅನುಕರಿಸಿದರೆ ಹಂಪನಕಟ್ಟೆಯ ಬಸ್ಸಿಗೆ ಬಸ್ಸೇ ನಗುತ್ತಿತ್ತು. “ಮುಂದೆ ದೊಡ್ಡ ನಂಬರ್ ಎಷ್ಟು ಬೇಕಾದ್ರೂ ಹಾಕಿ ಮಕ್ಕಳೇ. ಅಡಿಯ ಚಿಕ್ಕ ನಂಬರಿಗೆ ಕೈ ಹಾಕಿದ್ರೋ, ನೀರು ನೀರಾಗಿ ಉಳಿಯುದಿಲ್ಲ ಮಾರಾಯ್ರೆ, ಕೂದಲಿನ ಬಣ್ಣ ತೆಗೆಯುವ ಮದ್ದಾಗ್ತದೆ!”

ಇವತ್ತು ಆ ಮಾತನ್ನು ಅವಳು ಉಪ್ಪನಿಗೆ ಹೇಳಲಿಲ್ಲ. ಉಪ್ಪ ಕಳೆದ ಸಲ ತಂದುಕೊಟ್ಟ ಚಪ್ಪಲಿ ಈಗ ತಂಗಿಯ ಕಾಲಿಗೂ ಹಿಡಿಯುತ್ತಿರಲಿಲ್ಲ. ಫೇಲಾದರೆ ಮನೆಗೆ ಬರುತ್ತಾರೆ. ಬಂದೇ ಬರುತ್ತಾರೆ.

“ಅರೇ, ಎರಡು ಕಡೆಯೂ ಸಮ ಆಯ್ತಲ್ಲ!” ಇಜಾಝ್ ಬೆರಳು ಮಡಚಿ ಎಣಿಸಿ ಹಿಗ್ಗಿದ. “ಆ ಟ್ರೈನರ್ ಇಂಗ್ಲಿಷಿನಲ್ಲಿ ವಾರವಿಡೀ ಬೊಬ್ಬೆ ಹೊಡೆದ, ಒಂದಕ್ಷರ ತಲೆಗೆ ಹೋಗ್ಲಿಲ್ಲ. ನೀನು ಇಷ್ಟು ಸುಲಭ ಮಾಡಿದ್ಯಲ್ಲ ಮೋಳೇ! ಪಾಸಾಗ್ತೇನಲ್ಲ?”

“ಹ್ಞೂಂ.”

“ಸರಿಯಾಗಿ ಹೇಳಿ ಕೊಡು ಝಹ್ರಾ,” ಅಡುಗೆಮನೆಯಿಂದ ಉಮ್ಮ ಸಮೀನಾ ಕೂಗಿದಳು. “ಅವರಿಗೆ ಆ ಕೆಲಸ ಹೋದ್ರೆ ನಮ್ಮ ಗತಿ ಎಂತ?”

ಝಹ್ರಾ ಫ್ಯಾನಿನಿಂದ ಕಣ್ಣು ತೆಗೆದು ಫೋನನ್ನು ಹತ್ತಿರ ಹಿಡಿದಳು. “ಉಪ್ಪ... ಒಂದು ನಿಮಿಷ, ಅದು...”

ಇಜಾಝ್ ಅದನ್ನು ಕೇಳಿಸಿಕೊಳ್ಳದೆ ಫೋನು ಹಿಡಿದೇ ಎದ್ದು ಹೊರಟಿದ್ದ. ಪರದೆಯಲ್ಲಿ ಮೊದಲು ಸೀಲಿಂಗು, ಆಮೇಲೆ ಒಣಹಾಕಿದ ಲುಂಗಿಗಳು ತಿರುಗಿದವು. “ಬನ್ನಿ ಮಾರಾಯ್ರೆ, ಎಲ್ಲರೂ ಬನ್ನಿ! ನನ್ನ ಮಗಳು ಹೇಳಿ ಕೊಡ್ತಾಳೆ!”

ಫೋನು ನಿಂತಾಗ ಅದರ ತುಂಬ ಮುಖಗಳಿದ್ದವು. ಕೆಳಮಂಚದಲ್ಲಿ, ಮೇಲ್ಮಂಚದಲ್ಲಿ, ನೆಲದ ಮೇಲೆ, ತೊಡೆಯ ಮೇಲೆ ಪುಸ್ತಕ ಬಿಡಿಸಿಟ್ಟುಕೊಂಡ, ಅದೇ ಪರೀಕ್ಷೆ ಬರೆಯಬೇಕಿದ್ದ ಗಂಡಸರು. ಎಲ್ಲರಿಗಿಂತ ಮುಂದೆ ಕೂತ ನರೆಗಡ್ಡದ ಮೊಯ್ದೀನಬ್ಬ ಪೆನ್ನಿನ ಮುಚ್ಚಳ ತೆಗೆದು, ಅವಳ ಕಡೆ ನೋಡಿ ನಕ್ಕ.

“ನಿಧಾನಕ್ಕೆ ಹೇಳಿ ಟೀಚರಮ್ಮ. ನೀವು ಎಂತ ಹೇಳ್ತೀರೋ, ನಾವು ಅದನ್ನೇ ಬರೀತೇವೆ.”