ಮಧ್ಯಸ್ಥ

ಇಂದಾಪುರದಿಂದ ಬಂದ ಬೀಗರು ಕೊಂಢವಾ ಬಡಾವಣೆಯ ಮಂಗಲ ಕಾರ್ಯಾಲಯದ ಮೆಟ್ಟಿಲು ಹತ್ತಿದಾಗ ಒಳಗೆ ಮೊದಲ ಪಂಕ್ತಿಗೆ ಹೋಳಿಗೆ ಬಡಿಸುತ್ತಿದ್ದರು. ನಿಶ್ಚಿತಾರ್ಥದ ದಿನ, ಬೀಗರಿಗಿಂತ ಮೊದಲು ಬೇರೆಯವರ ಎಲೆ! ವರನ ಸೋದರಮಾವ ಗುರಸಂಗಪ್ಪ ಬಾಗಿಲಲ್ಲೇ ಹೊರಳಿ ನಿಂತ.

"ನಡೀರಿ, ಗಾಡಿ ಹತ್ತರಿ. ಇವರಿಗೆ ಬೀಗರು ಬ್ಯಾಡಾಗ್ಯಾರ."

ಹುಡುಗಿಯ ತಂದೆ ಬಸವಲಿಂಗ ಬಾಗಿಲಿಗೆ ಓಡಿ ಬಂದ. ಬೀಗರು ಬರುವುದು ತಡವಾಗಿತ್ತು, ನೆರೆಯವರಿಗೆ ಕೆಲಸಕ್ಕೆ ಹೋಗುವ ಅವಸರ. ಪಾಪ, ಅವನೇ ಅವರನ್ನು ಊಟಕ್ಕೆ ಕೂರಿಸಿದ್ದ. ಆರತಿ ತಟ್ಟೆ ಹಿಡಿದಿದ್ದ ಮದುಮಗಳು ಇಂಪನಾ ಅಳುವುದೊಂದೇ ಬಾಕಿ.

ಬೀಗರ ಜೊತೆಗೇ ಬಂದಿದ್ದ ಸಂಬಂಧದ ಮಧ್ಯಸ್ಥ ಮುರುಗೆಪ್ಪ ಅಡ್ಡ ನಿಂತ.

"ತಪ್ಪು ನಂದ್ರಿ. ಪಂಕ್ತಿ ಕೂಡಸ್ರಿ ಅಂತ ದಾರಿಯೊಳಗಿಂದ ಫೋನ್ ಮಾಡಿ ನಾನ ಹೇಳಿದೆ. ಇವರು ಭಾಳ ಬ್ಯಾಡಂದ್ರು."

"ಮಧ್ಯಸ್ಥ ಅನಸ್ಕೊಳ್ಳಾಕ ನಾಚಿಕಿ ಬರೂದಿಲ್ಲೇನ್ರಿ ನಿಮಗ?"

ಮಧ್ಯಸ್ಥ ಎಂದರೆ ಇಬ್ಬರ ನಡುವೆ ತಣ್ಣಗೆ ಕೂತು ನ್ಯಾಯ ಹೇಳುವವನು ಎಂದುಕೊಂಡವರು ಆಗ ಅಲ್ಲಿರಬೇಕಿತ್ತು. ಗುರಸಂಗಪ್ಪ ಕನ್ನಡದಲ್ಲಿ ಬೈದ, ಸಾಲದೆ ಮರಾಠಿಯಲ್ಲೂ ಬೈದ. ಮುರುಗೆಪ್ಪ ಎರಡಕ್ಕೂ ತಲೆಯಾಡಿಸಿದ. ಬೈದು ಬೈದು ಸಿಟ್ಟು ಇಳಿದ ಮೇಲೆ ಬಸವಲಿಂಗ ಕೈಮುಗಿದು ಒಳಗೆ ಕರೆದ. ಗುರಸಂಗಪ್ಪ ಬಂದು ಕೂತ. ಉಂಗುರ ಬದಲಾದವು. ಹೋಳಿಗೆಗೆ ತುಪ್ಪ ಸಾಲದೆಂದು ಎರಡು ಸಲ ಹಾಕಿಸಿಕೊಂಡವನೂ ಅವನೇ.

ಬಸವಲಿಂಗ ಮುರುಗೆಪ್ಪನ ಕೈ ಹಿಡಿದುಕೊಂಡ. ಕಣ್ಣು ತುಂಬಿದ್ದವು.

"ನನ್ನ ತಪ್ಪು ನಿಮ್ಮ ತಲಿ ಮ್ಯಾಲ ಹೊತ್ಕೊಂಡ್ರಿ. ಈ ಋಣಾ ಹೆಂಗ ತೀರಸ್ಲಿ?"

"ಮೊದಲ ನಂದೊಂದು ಎಲಿ ಹಾಕಸ್ರಿ. ಹೊಟ್ಟಿ ಭಾಳ ಹಸದದ."

ಬೀಗರು ಹೊರಟಾಗ ಗುರಸಂಗಪ್ಪ ಮುರುಗೆಪ್ಪನನ್ನು ಗಾಡಿಯ ಹಿಂದಕ್ಕೆ ಕರೆದೊಯ್ದ.

"ದಾರಿ ಪೂರಾ ನನ್ನ ಬಾಜೂಕ ಕೂತಿದ್ರಿ. ಯಾವಾಗ ಮಾಡಿದ್ರಿ ಫೋನು?"

ಮುರುಗೆಪ್ಪ ಕೈಮುಗಿಯಹೋದ. ಗುರಸಂಗಪ್ಪ ಅವನ ಎರಡೂ ಕೈ ಹಿಡಿದ.

"ಸಿಟ್ಟಿನಾಗ ಹೊರಳಿ ನಿಂತಿದ್ದೆ. ತಿರುಗಿ ಒಳಗ ಬರಾಕ ನನಗೂ ಒಂದು ನೆಪಾ ಬೇಕಾಗಿತ್ತು. ಭಾಳ ಉಪಕಾರ ಆತ್ರಿ."

ಗಾಡಿ ಹತ್ತಿ ಕಿಟಕಿಯಿಂದ ತಲೆ ಹೊರಹಾಕಿದ.

"ನನ್ನ ಮಗಳಿಗೂ ವರಾ ನೋಡೂದದ. ನೀವ ಮಧ್ಯಸ್ಥರಾಗಬೇಕು. ಇಷ್ಟು ಬೈಸ್ಕೊಳ್ಳಾವರು ಬ್ಯಾರೆ ಯಾರ ಸಿಗತಾರ್ರೀ ನಮಗ?"